ವಾರಿಜಳ ಮದುವೆಗೆ ಮೊದಲು

ಸಿಂಗಾನಲ್ಲೂರು, ಕೊಯಮತ್ತೂರು
೨೨ ಮಾರ್ಚ್ ೧೯೮೭

ಪ್ರೀತಿಯ ಅಕ್ಕಾ,

ನಿನಗೂ ಭಾವನವರಿಗೂ ನನ್ನ ನಮಸ್ಕಾರ. ಮಗಳು ವಾರಿಜಳ ನಿಶ್ಚಿತಾರ್ಥ ಚೆನ್ನಾಗಿ ನಡೆಯಿತೆಂದು ನೀನು ಬರೆದ ಪತ್ರ ಸಂಕ್ರಾಂತಿಯ ಹೊತ್ತಿಗೇ ಬಂದಿತ್ತು. ಉತ್ತರ ಬರೆಯಲು ಇಷ್ಟು ತಡಮಾಡಿದೆ, ಬೇಸರ ಮಾಡಿಕೊಳ್ಳಬೇಡ. ಇವತ್ತು ಭಾನುವಾರ. ಇವರು ಚಂದ್ರಾಳನ್ನು ಕರೆದುಕೊಂಡು ಕೆರೆಯ ಕಡೆ ಹೋಗಿದ್ದಾರೆ. ಬೇಳೆ ಬೇಯಲು ಇಟ್ಟು ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ.

ಪೊಂಗಲ್ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮುಖದ ತುಂಬ ಸಣ್ಣ ಕೆಂಪು ಗುಳ್ಳೆಗಳೊಂದಿಗೆ ಬಂದಳು. ಜ್ವರ ಹೆಚ್ಚಿರಲಿಲ್ಲ. ಕಿವಿಯ ಹಿಂದೆ ಮುಟ್ಟಿ ನೋಡಿದೆ, ಗಂಟು ಕಟ್ಟಿತ್ತು. ಚಂದ್ರಾ ಹೊಟ್ಟೆಯಲ್ಲಿದ್ದ ಮೂರನೇ ತಿಂಗಳಲ್ಲಿ ನನಗೆ ಬಂದದ್ದೂ ಇದೇ ಅಲ್ಲವೇ? ಇದೇ ಶಾಲೆಯ ಮಕ್ಕಳಿಂದಲೇ ಬಂದಿತ್ತು. ಮೂರೇ ದಿನದಲ್ಲಿ ಗುಳ್ಳೆ ಇಳಿದು ನಾನು ಎಂದಿನಂತೆ ಪಾಠಕ್ಕೆ ಹೋಗಿದ್ದೆ. ಮಗು ಹುಟ್ಟಿದ ಮೇಲೆ, ಒಂದು ಕಣ್ಣಲ್ಲಿ ಬಿಳಿ ಪೊರೆ, ಎಷ್ಟು ಚಪ್ಪಾಳೆ ತಟ್ಟಿದರೂ ತಿರುಗಿ ನೋಡುವುದಿಲ್ಲ ಎಂದು ಗೊತ್ತಾದ ಮೇಲೆ, ಡಾಕ್ಟರ್ ಬಾಲಸುಬ್ರಮಣಿಯನ್ ಅದರ ಹೆಸರು ಹೇಳಿದರು: ರುಬೆಲ್ಲಾ. ಆಗಲೇ ನಿನಗೆಲ್ಲ ಬರೆದಿದ್ದೆ. ಮೂರು ದಿನದ ಗುಳ್ಳೆಗೆ ಕಿವಿ ಹೋಗುವುದುಂಟೇ ಎಂದು ನಮ್ಮ ಕಡೆಯವರು ಯಾರೂ ನಂಬಲಿಲ್ಲ.

ಅಕ್ಕಾ, ಈ ಸಲ ನಾನು ಸುಮ್ಮನಿರಲಿಲ್ಲ. ನಮ್ಮಲ್ಲಿ ಸಾಂತಿ ಎಂಬ ಹೊಸ ಟೀಚರ್ ಇದ್ದಾಳೆ, ನೆಗಮಂನ ಸೀರೆ ನೇಯುವವರ ಮನೆಯ ಹುಡುಗಿ. ಅವಳಿಗೆ ಆಗ ಎರಡು ತಿಂಗಳು. ಮುಖ್ಯೋಪಾಧ್ಯಾಯಿನಿ ನಾಚಿಯಮ್ಮನವರ ಕೋಣೆಗೆ ಹೋಗಿ, "ಸಾಂತಿಯನ್ನು ಇವತ್ತೇ ಮನೆಗೆ ಕಳಿಸಿ" ಎಂದೆ.

"ವನಮಾಲಾ ಟೀಚರ್, ಊರಲ್ಲಿ ಯಾರಿಗೆ ಅಮ್ಮ ಹಾಕಿಲ್ಲ? ಬೇವಿನ ಸೊಪ್ಪು ಕಟ್ಟಿದರೆ ಗುಳ್ಳೆ ಇಳಿಯುತ್ತದೆ" ಎಂದರು ಅವರು.

"ಇಳಿಯುತ್ತದೆ. ನನಗೂ ಇಳಿದಿತ್ತು" ಎಂದೆ.

ಚಂದ್ರಾಳನ್ನು ಅವರು ನೋಡಿದ್ದಾರೆ. ಕೂಡಲೇ ಸಾಂತಿಯನ್ನು ಕರೆಸಿ ರಜೆ ಬರೆಸಿಕೊಂಡರು. ಡಾಕ್ಟರ್ ಅವಳ ರಕ್ತವನ್ನು ಪರೀಕ್ಷೆಗೆ ವೇಲೂರಿಗೆ ಕಳಿಸಿದರು. ಉತ್ತರ ಬರುವವರೆಗೆ ಆ ಹುಡುಗಿ ಊಟ ಸರಿಯಾಗಿ ಮಾಡಲಿಲ್ಲವಂತೆ. ದೇವರು ದೊಡ್ಡವನು. ಚಿಕ್ಕಂದಿನಲ್ಲೇ ಅವಳಿಗೆ ಅದು ಬಂದು ಹೋಗಿತ್ತಂತೆ, ಇನ್ನು ಭಯವಿಲ್ಲ. ಆದರೆ ಡಾಕ್ಟರ್ ಒಂದು ಮಾತು ಹೇಳಿದರು: "ಹೆಚ್ಚಿನವರಿಗೆ ಹೀಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ. ಬಾರದೆ ಉಳಿದವರು ಯಾರು ಅಂತ ಮುಖ ನೋಡಿ ಹೇಳೋಕೆ ಆಗಲ್ಲಮ್ಮ. ನಿಮ್ಮ ಶಾಲೆಯ ದೊಡ್ಡ ಹುಡುಗಿಯರಿಗೆ ಒಂದು ಇಂಜೆಕ್ಷನ್ ಹಾಕಿಸಿದರೆ ಮುಂದೆ ಅವರ ಮಕ್ಕಳಿಗೆ ಇದು ಬರಲ್ಲ."

ಆ ಮದ್ದು ಇಲ್ಲಿ ಸಿಗುವುದಿಲ್ಲ, ವಿದೇಶದ್ದು. ಡಾಕ್ಟರೇ ಮದರಾಸಿಗೆ ಹೋಗಿ, ಪರಿಚಯದವರನ್ನು ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ತಂದರು. ಅದು ಸುಲಭದ ಕೆಲಸ. ತಂದೆತಾಯಿಯರನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಶನಿವಾರ ಸಭೆ ಕರೆದೆವು. ಹೆಚ್ಚಿನವರು ಮಿಲ್ಲಿನವರು, ಮಗ್ಗದವರು. ಚಂದ್ರಾಳನ್ನೂ ಕರೆದುಕೊಂಡು ಬನ್ನಿ, ಒಮ್ಮೆ ಅವಳನ್ನು ನೋಡಿದರೆ ಸಾಕು ಎಂದು ಡಾಕ್ಟರ್ ಹೇಳಿದ್ದರು. ನಾನು ಒಪ್ಪಲಿಲ್ಲ. ನನ್ನ ಮಗಳು ಹೆದರಿಸುವುದಕ್ಕಿರುವ ಚಿತ್ರವಲ್ಲ. ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ ಎಂದೆ.

ಹೇಳಲು ನಿಂತಾಗ ಮೊದಲು ಎದ್ದವನು ಚೆನ್ನಿಯಪ್ಪನ್. ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು, ನಾಲ್ಕು ತಲೆಮಾರಿನಿಂದ ಇಲ್ಲೇ ಮಗ್ಗ. ಅವನ ಮಗಳು ಹತ್ತನೇ ತರಗತಿ.

"ಟೀಚರ್, ನೇರಾಗಿ ಕೇಳ್ತೀನಿ. ಈ ಊಸಿ, ಇಂಜೆಕ್ಷನ್ನು, ಹಾಕಿದ್ರೆ ನಾಳೆ ಕೊಳಂದೆ ಆಗಲ್ಲ, ಮಕ್ಕಳೇ ಆಗಲ್ಲಾಂತ ಮಿಲ್ಲಲ್ಲಿ ಎಲ್ಲಾ ಪೇಸ್ತಾ ಇದಾರೆ. ಆವಾಗ ಗಂಡಸ್ರನ್ನ ಲಾರೀಲಿ ತುಂಬ್ಕೊಂಡ್ ಹೋಗಿ ಆಪರೇಷನ್ ಮಾಡಿದ್ರಲ್ಲ, ಹಂಗೇನಾ ಇದು?"

ಹಿಂದಿನಿಂದ ಹಲವರು ಆಮಾ, ಆಮಾ ಎಂದು ದನಿಗೂಡಿಸಿದರು. ಅವನ ಭಯ ಸುಳ್ಳಲ್ಲ ಅಕ್ಕಾ, ಅದಕ್ಕೆ ನನಗೆ ಕೋಪ ಬರಲಿಲ್ಲ.

"ಇಲ್ಲ. ಇದು ಹುಟ್ಟುವ ಮಗುವನ್ನು ಕಾಯುವುದಕ್ಕೆ" ಎಂದೆ. ಆಮೇಲೆ ಈ ಶಾಲೆಯ ಯಾರಿಗೂ ಇದುವರೆಗೆ ಹೇಳದೆ ಇದ್ದದ್ದನ್ನು ಹೇಳಿದೆ. ಹತ್ತು ವರ್ಷದ ಹಿಂದೆ ಮೇಲಿನ ಆ ಕೋಣೆಯಲ್ಲಿ ಪಾಠ ಮಾಡುವಾಗ ನನಗೆ ಗುಳ್ಳೆ ಎದ್ದದ್ದು, ನನ್ನ ಮಗಳು ನನ್ನ ದನಿಯನ್ನು ಒಂದು ದಿನವೂ ಕೇಳದಿರುವುದು, ಹಸುಗೂಸಿನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದದ್ದು. "ಇದು ಶಾಪವಲ್ಲ, ಜಾತಕದ ದೋಷವಲ್ಲ, ತಾಯಿಯ ರಕ್ತದ ದೋಷವೂ ಅಲ್ಲ. ಒಂದು ಸೋಂಕು. ಅದನ್ನು ತಡೆಯುವ ಮದ್ದು ಆ ಪೆಟ್ಟಿಗೆಯಲ್ಲಿದೆ."

ಆಗ ಚೆನ್ನಿಯಪ್ಪನ ಪಕ್ಕದಲ್ಲಿ ಕೂತಿದ್ದ ಮುದುಕಿ, ಅವನ ತಾಯಿ ಕನ್ನಿಯಮ್ಮಾಳ್, ಗೋಡೆ ಹಿಡಿದು ಎದ್ದಳು.

"ಅಮ್ಮಣಿ, ತಾಯಿ ಮೇಲೆ ತಪ್ಪಿಲ್ಲ ಅಂದ್ಯಾ?"

"ಇಲ್ಲಮ್ಮ."

"ಹಂಗಾದ್ರೆ ಪಳನಿಯಮ್ಮನ ಮೇಲೂ ತಪ್ಪಿಲ್ಲ?"

"ಅಮ್ಮಾ, ಕೂತ್ಕೋ" ಎಂದ ಚೆನ್ನಿಯಪ್ಪನ್. ಮುದುಕಿ ಕೂರಲಿಲ್ಲ. ಪಳನಿಯಮ್ಮ ಅವನ ಮೊದಲ ಹೆಂಡತಿ. ಬಸುರಿಯಾಗಿದ್ದಾಗ ಅವಳಿಗೂ ಮೈತುಂಬ ಅಮ್ಮ ಎದ್ದಿತ್ತು. ಹುಟ್ಟಿದ ಗಂಡುಮಗುವಿನ ಎರಡು ಕಣ್ಣೂ ಬೆಳ್ಳಗಿದ್ದವು. ಅವಳ ವಂಶದಲ್ಲೇ ದೋಷವಿದೆಯೆಂದು ಬೀದಿಯೆಲ್ಲ ಹೇಳಿ, ಕೊನೆಗೆ ಮನೆಯವರೇ ಅವಳನ್ನು ಮಗುವಿನೊಂದಿಗೆ ಕಾರಮಡೈಯ ತವರಿಗೆ ಬಿಟ್ಟು ಬಂದಿದ್ದರು. ಚೆನ್ನಿಯಪ್ಪನ್ ಮತ್ತೆ ಮದುವೆಯಾದ. ಹತ್ತನೇ ತರಗತಿಯ ಮಗಳೂ ಆ ಪಳನಿಯಮ್ಮನ ಮೊದಲ ಮಗುವೇ, ಅವಳನ್ನು ಮಾತ್ರ ಇಲ್ಲೇ ಉಳಿಸಿಕೊಂಡಿದ್ದರು.

"ನಾನೇ ಬಸ್ಸಿಗೆ ಹತ್ತಿಸಿದ್ದು" ಎಂದಳು ಮುದುಕಿ ಎಲ್ಲರೆದುರು. ಅಳಲಿಲ್ಲ. ಮೊಮ್ಮಗಳ ಕೈ ಹಿಡಿದು ಡಾಕ್ಟರ ಮೇಜಿನ ಹತ್ತಿರ ಬಂದು, "ಹಾಕು ಸಾಮಿ" ಎಂದಳು. ಚೆನ್ನಿಯಪ್ಪನ್ ತಡೆಯಲಿಲ್ಲ. ತಲೆ ತಗ್ಗಿಸಿ ಬಾಗಿಲ ಹೊರಗೆ ಹೋಗಿ ನಿಂತ.

ಅವತ್ತು ಎಲ್ಲರೂ ಒಪ್ಪಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಮಕ್ಕಳನ್ನು ಎಳೆದುಕೊಂಡು ಹೊರಟೇ ಹೋದರು. ಅವರ ಮನೆಗಳಿಗೆ ಸಂಜೆ ಸಂಜೆ ಹೋಗುತ್ತಿದ್ದೇನೆ. ಒಬ್ಬರ ಮನೆಯಲ್ಲಿ ಕಾಫಿ ಕೊಡುತ್ತಾರೆ, ಒಬ್ಬರ ಮನೆಯಲ್ಲಿ ಬಾಗಿಲು ತೆಗೆಯುವುದಿಲ್ಲ. ಬಾಗಿಲು ತೆಗೆಯದವರ ಮನೆಗೆ ಮತ್ತೆ ಹೋಗುತ್ತೇನೆ.

ಮರುವಾರ ಡಾಕ್ಟರೂ ನಾನೂ ಕನ್ನಿಯಮ್ಮಾಳನ್ನು ಕರೆದುಕೊಂಡು ಕಾರಮಡೈಗೆ ಹೋದೆವು. ಪಳನಿಯಮ್ಮ ಬಾಳೆಯ ತೋಟದಲ್ಲಿ ಕೆಲಸಕ್ಕಿದ್ದಳು. ಮಗ ವೆಲ್ಲಿಂಗಿರಿ ತಾಯಿಯ ಸೆರಗು ಹಿಡಿದು ನಿಂತಿದ್ದ, ಒಂಬತ್ತು ವರ್ಷ. ಡಾಕ್ಟರ್ ಅವನ ಕಣ್ಣು ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯದಲ್ಲೂ ಇರಬಾರದ ಸದ್ದಿದೆ ಎಂದರು. ಇಷ್ಟು ತಡವಾದ ಮೇಲೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪೂರ್ತಿ ಬರುವುದು ಕಷ್ಟ, ಬೆಳಕು, ನೆರಳು, ದಾರಿ ಕಂಡೀತು ಎಂದರು. ಮುಂದಿನ ತಿಂಗಳು ಅವನಿಗೆ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿದೆ.

ನಾನು ಪಳನಿಯಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕತ್ತಿಯಿಂದ ಬಾಳೆಯ ಒಣ ಎಲೆ ಕೊಯ್ಯುತ್ತಲೇ ಕೇಳಿದಳು.

"ನಂಗೆ ಯಾಕೆ ಹೇಳ್ತೀರಿ ಟೀಚರ್? ನನ್ ಮೇಲೆ ತಪ್ಪಿಲ್ಲಾಂತ ನಂಗೆ ತೆರಿಯುಂ, ಚೆನ್ನಾಗೇ ಗೊತ್ತು. ಅಲ್ಲಿ ಬೀದೀಲಿ ಹೇಳಿ."

ಕನ್ನಿಯಮ್ಮಾಳ್ ಅವಳ ಕೈ ಹಿಡಿಯಲು ಹೋದಳು. ಅವಳು ಕೊಡಲಿಲ್ಲ. ಆದರೆ ಹೊರಡುವಾಗ, "ನನ್ ಮಗಳಿಗೆ ಊಸಿ ಹಾಕಿದಾರಾ?" ಎಂದು ಕೇಳಿದಳು. ಹಾಕಿದ್ದೇವೆ ಎಂದೆ. ಅವಳು ಕತ್ತಿ ಕೆಳಗಿಟ್ಟು ಮುಖ ಒರೆಸಿಕೊಂಡಳು.

ಹಿಂದಿರುಗುವ ಬಸ್ಸಿನಲ್ಲಿ ಡಾಕ್ಟರ್, "ಒಬ್ಬರನ್ನು ಹುಡುಕಿದರೆ ಇನ್ನೊಬ್ಬರು ಸಿಗುತ್ತಾರೆ. ಹುಡುಕುವವರೇ ಇಲ್ಲದಿದ್ದರೆ ಕಾಯಿಲೆಯೇ ಇಲ್ಲ ಅಂತ ಆಗುತ್ತೆ" ಎಂದರು. ಈಗ ಕಣ್ಣಿನ ಡಾಕ್ಟರುಗಳಿಗೂ ಚಂದ್ರಾಳ ಕಿವುಡರ ಶಾಲೆಯವರಿಗೂ ಹೇಳಿದ್ದೇವೆ. ಹುಟ್ಟಿನಿಂದ ಕಣ್ಣಲ್ಲಿ ಪೊರೆ ಇರುವ, ಕಿವಿ ಕೇಳದ ಮಗು ಬಂದರೆ ನಮಗೆ ತಿಳಿಸಬೇಕು, ತಾಯಿಗೆ ಗುಳ್ಳೆ ಎದ್ದಿತ್ತೇ ಎಂದು ವಿಚಾರಿಸಬೇಕು ಎಂದು. ಬೀದಿಗಳಲ್ಲಿ ಗುಳ್ಳೆ ಕಂಡರೆ ಬಸುರಿಯರನ್ನು ಎಚ್ಚರಿಸಲು ಸಾಂತಿ ಒಪ್ಪಿಕೊಂಡಿದ್ದಾಳೆ. ದೊಡ್ಡ ಸರ್ಕಾರ ಮಾಡಬೇಕಾದ ಕೆಲಸ ಎನ್ನುತ್ತಾರೆ ಇವರು. ಸರ್ಕಾರ ಬರಲಿ, ಬರುವವರೆಗೆ ನಾವು ಮಾಡುತ್ತಿರುತ್ತೇವೆ.

ಇನ್ನು ವಾರಿಜಳ ವಿಷಯ. ಮದುವೆ ಆಷಾಢಕ್ಕೆ ಮೊದಲೋ ಆಮೇಲೋ ಎಂದು ನೀನು ಬರೆದಿಲ್ಲ. ಆಮೇಲೆ ಇಟ್ಟುಕೊಳ್ಳಿ. ಮೊದಲು ಅವಳಿಗೆ ಈ ಮದ್ದು ಹಾಕಿಸಬೇಕು, ಹಾಕಿಸಿದ ಮೇಲೆ ಮೂರು ತಿಂಗಳು ಬಸುರಾಗಬಾರದು. ಡಾಕ್ಟರ್ ಅವಳಿಗೆಂದು ಒಂದು ಎತ್ತಿಟ್ಟಿದ್ದಾರೆ. ಯುಗಾದಿಗೆ ಅವಳನ್ನು ಇಲ್ಲಿಗೆ ಕಳಿಸು, ಭಾವನವರು ಬೇಡವೆಂದರೂ ಕಳಿಸು. ನನ್ನ ವಾರಿಜಾ ನೂರು ಕಾಲ ಸುಖವಾಗಿರಲಿ, ಅವಳ ಮಡಿಲಿನ ಮಗು ಅವಳ ದನಿ ಕೇಳಿ ನಗಲಿ.

ನಿನ್ನ ತಂಗಿ,
ವನಮಾಲಾ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಬರೆಯಲು ಧೈರ್ಯ ಬಂದಿರಲಿಲ್ಲ. ನಿಶ್ಚಿತಾರ್ಥಕ್ಕೆ ಚಂದ್ರಾಳನ್ನು ಬಿಟ್ಟು ಬಾ, ಗಂಡಿನ ಕಡೆಯವರು ನೋಡಿದರೆ ನಮ್ಮ ಮನೆತನದಲ್ಲೇ ಏನೋ ಇದೆ ಅಂದುಕೊಂಡಾರು ಎಂದು ನೀನು ಕಾರ್ಡಿನಲ್ಲಿ ಬರೆದಿದ್ದೆ. ಅವಳಿಗೆ ಕನ್ನಡ ಅಕ್ಷರ ಕಲಿಸಿದವಳು ನಾನೇ. ಕಾರ್ಡಿನಲ್ಲಿ ತನ್ನ ಹೆಸರನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು, ದೊಡ್ಡಮ್ಮ ನನ್ನನ್ನು ಕರೆದಿದ್ದಾರಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಹೌದು ಎಂದೆ. ಹಸಿರು ಲಂಗ ತೆಗೆದಿಟ್ಟುಕೊಂಡು ಕಾದಳು. ಅವತ್ತು ನಾವು ಮೂವರೂ ಬರಲಿಲ್ಲ. ಮದುವೆಗೆ ಮೂವರೂ ಬರುತ್ತೇವೆ. ಚಂದ್ರಾ ವಾರಿಜಳ ಪಕ್ಕದಲ್ಲೇ ಕಳಶ ಹಿಡಿದು ನಿಲ್ಲುತ್ತಾಳೆ. ಈ ಮಗು ಯಾರು, ಯಾಕೆ ಹೀಗೆ ಎಂದು ಬೀಗರು ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ನೀನು ಹೇಳಬೇಕು.