ಸಾಹೇಬರ ಮುಂದೆ ಪುಕೆವೈರುವ

ಲಂಡನ್, 6 ಮೇ 1912. ಬೆಳಿಗ್ಗೆ

ಅಜ್ಜನ ಕಾಲರ್‌ಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಾಯಿತು. ಇವತ್ತೂ. ಹೋಗುವುದು ಮಾತ್ರ ವಸಾಹತು ಕಚೇರಿಯ ಅದೇ ಬೆಂಚಿಗೆ. ನ್ಯೂಜಿಲೆಂಡಿನಿಂದ ಇಷ್ಟು ಸಮುದ್ರ ದಾಟಿ ಬಂದು ಬೆಂಚು ಸವೆಸುತ್ತಿದ್ದೇವೆ. ನಾನು ದುಭಾಷಿಯಂತೆ. ಮಾತೇ ಇಲ್ಲ, ಎರಡು ಭಾಷೆ ಇದ್ದರೇನು?

ಟ್ರಾಮಿನಲ್ಲಿ ಜನ ಅಜ್ಜನ ಮುಖದ ಮೇಲಿನ ನಮ್ಮ ಕುಲದ ಹಚ್ಚೆ ನೋಡಿ ಬಾಯಿ ಬಿಡುತ್ತಾರೆ. ಅವನು ಹ್ಯಾಟ್ ಎತ್ತುತ್ತಾನೆ. ನಾಚುವವರು ಅವರೇ.

ಸಂಜೆ

ಆ ಆಫೀಸಿನ ಒಳಗೆ ಕಾಲಿಟ್ಟರೆ ಈಗಲೂ ಉಸಿರು ಕಟ್ಟುತ್ತದೆ. ಏನು ಮೆಟ್ಟಿಲು, ಏನು ಛಾವಣಿ! ಗೋಡೆ ತುಂಬ ಭೂಪಟ, ಅವರ ದೇಶಗಳಿಗೆಲ್ಲ ಕೆಂಪು. ನಮ್ಮದು ಮೂಲೆಯಲ್ಲಿ, ಎರಡು ಬೆರಳಿನಷ್ಟು.

"ಪುಕೆವೈರುವ ಎಲ್ಲಿ, ತೋರ್ಸು" ಎಂದ ಅಜ್ಜ. ನಮ್ಮ ಬೆಟ್ಟಕ್ಕೆ ಅಲ್ಲಿ ಚುಕ್ಕೆಯೂ ಇಲ್ಲ.

ರೈಲುಹಳಿಗೆ ಜಲ್ಲಿ ಬೇಕಂತೆ. ನಮ್ಮ ಮಂತ್ರಿಗಳು ಕಣ್ಣು ಹಾಕಿರುವುದು ಆ ಬೆಟ್ಟದ ಮೇಲೆ. ಅದರ ಗುಹೆಗಳಲ್ಲಿ ನಮ್ಮ ಹಿರಿಯರ ಎಲುಬುಗಳಿವೆ. ಅಜ್ಜಿಯದೂ. ಅಜ್ಜ ಬಂದಿರುವುದು ಅದಕ್ಕೇ. ಬೇರೇನೂ ಬೇಡ ಅವನಿಗೆ.

ರಾತ್ರಿ ಊಟಕ್ಕೆ ಹಾವುಮೀನು, ತಣ್ಣಗೆ, ಲೋಳೆಲೋಳೆ. "ಮೀನು ಕೆಡ್ಸೋದನ್ನ ಇವರಿಂದ ಕಲೀಬೇಕು" ಎಂದ ಅಜ್ಜ. ಆದರೂ ತಟ್ಟೆ ಖಾಲಿ ಮಾಡಿದ!

7 ಮೇ

ಪ್ರಿಂಗಲ್ ಬಂದಿದ್ದ. ಲಂಡನ್ನಿನಲ್ಲಿ ನಮ್ಮ ಸರ್ಕಾರದ ಮನುಷ್ಯ.

"ನಾಡಿದ್ದು ಆ ಆಫೀಸಿನ ದೊಡ್ಡ ಸಾಹೇಬರು, ಸರ್ ಎಡ್ಮಂಡ್, ನಿಮ್ಮನ್ನ ನೋಡ್ತಾರೆ. ಬರೀ ಮರ್ಯಾದೆ ಭೇಟಿ ಕಣಮ್ಮಾ. ಕಲ್ಲು, ರೈಲು ಅಂತ ಒಂದು ಮಾತೂ ಎತ್ತಬಾರದು. ನಮ್ಮದೀಗ ಡೊಮಿನಿಯನ್. ನಮ್ಮನೆ ವಿಷಯ ನಮ್ಮ ಮಂತ್ರಿಗಳೇ ನೋಡ್ಕೋತಾರೆ. ಲಂಡನ್ ಕೈ ಹಾಕಲ್ಲ."

"ಮಂತ್ರಿಗಳು ಗವರ್ನರ್ ಹತ್ರ ಹೋಗಿ ಅಂದ್ರು. ಗವರ್ನರು ಮಂತ್ರಿಗಳ ಹತ್ರ ಹೋಗಿ ಅಂದ್ರು. ಈಗ ನೀವು" ಎಂದೆ.

"ಪದ್ಧತಿ ಇರೋದೇ ಹಾಗೆ."

ಅಜ್ಜನಿಗೆ ಹೇಳಿದೆ. "ನಿಮ್ಮ ನೆಲ ನಿಮಗೇ ಅಂತ ಒಪ್ಪಂದ ಆದಾಗ ನಮ್ಮಪ್ಪ ಮಾತು ಕೊಟ್ಟಿದ್ದು ರಾಣಿಗೆ. ಈ ಮಂತ್ರಿಗಳು ಆಗ ಹುಟ್ಟೇ ಇರ್ಲಿಲ್ಲ" ಎಂದ. ಪ್ರಿಂಗಲ್‌ಗೆ ಪಾಪ ಅನ್ನಿಸಿತೋ ಏನೋ. "ನಿಮ್ಮ ಕಡೆ ಥರ ಒಂದು ವಂದನೆ ಹೇಳ್ಲಿ ಬೇಕಾದ್ರೆ. ಸಾಹೇಬರಿಗೆ ಅಂಥದ್ದು ಇಷ್ಟ."

ಅಜ್ಜ ಒಪ್ಪಿಬಿಟ್ಟ! ಕಲ್ಲಿನ ಮಾತಿಲ್ಲ, ರೈಲಿನ ಮಾತಿಲ್ಲ. ನನಗೆ ಮೈಯೆಲ್ಲ ಉರಿ.

"ಹಾಗಾದ್ರೆ ಬಂದಿದ್ದಾದ್ರೂ ಯಾಕೆ, ಅಜ್ಜ?"

"ವಂದನೆ ಹೇಳೋಕೆ" ಎಂದು ಪೈಪ್ ಹಚ್ಚಿದ.

9 ಮೇ. ಮಧ್ಯಾಹ್ನ

ಬರೆಯದಿದ್ದರೆ ಆಗುವುದಿಲ್ಲ.

ಸರ್ ಎಡ್ಮಂಡ್ ತೆಳ್ಳಗಿನ ಮುದುಕ. ಎದ್ದು ಕೈ ಕುಲುಕಿದ, ಕೂತ. ಅಜ್ಜ ಕೂರಲಿಲ್ಲ. ಕೋಲು ಊರಿ ನಿಂತು ಶುರು ಮಾಡಿದ. ಆಗ ಹೊಳೆಯಿತು ನನಗೆ — ನಾನೆಂಥ ದಡ್ಡಿ! ನಮ್ಮಲ್ಲಿ ವಂದನೆ ಎಂದರೆ ಮೊದಲು ಬೆಟ್ಟ, ಆಮೇಲೆ ನದಿ, ಆಮೇಲೆ ಹಿರಿಯರು. ನಾನು ಅನ್ನುವುದು ಕಟ್ಟಕಡೆಗೆ. ಪ್ರಿಂಗಲ್ ನಮ್ಮ ದೇಶದಲ್ಲೇ ಹುಟ್ಟಿ ಬೆಳೆದವನು, ಒಮ್ಮೆಯೂ ಕಿವಿಗೊಟ್ಟು ಕೇಳಿಲ್ಲ.

"ಪುಕೆವೈರುವ ನನ್ನ ಬೆಟ್ಟ. ವೈಪುನಾ ನನ್ನ ನದಿ."

ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಬೆಟ್ಟದಲ್ಲಿ ಮಲಗಿದವರ ಹೆಸರು, ಒಬ್ಬೊಬ್ಬರದಾಗಿ. ಯಾರು, ಯಾವ ಗುಹೆ, ಯಾರ ಮಗ್ಗುಲಲ್ಲಿ. ಮುಗಿಯುವಂತೆಯೇ ಇಲ್ಲ. ಪ್ರಿಂಗಲ್ ನನ್ನ ತೋಳು ಜಗ್ಗಿದ. "ನಿಲ್ಸು ಅನ್ನಮ್ಮಾ!"

"ವಂದನೆ ನಡೀತಿದೆ ಸರ್. ನೀವೇ ಹೇಳಿದ್ರಲ್ಲ."

ಕಲ್ಲು ಎನ್ನಲಿಲ್ಲ. ರೈಲು ಎನ್ನಲಿಲ್ಲ. ಆದರೆ ಆ ದನಿ! ಮನೆಯಲ್ಲಿ ಚಪ್ಪಲಿ ಹುಡುಕಿ ಕೊಡು ಎಂದು ಗೊಣಗುವ ಅಜ್ಜನೇ ಇವನು? ಬಾಗಿಲಲ್ಲಿ ಗುಮಾಸ್ತರು ಬಂದು ನಿಂತರು, ಒಬ್ಬರೂ ಕೆಮ್ಮಲಿಲ್ಲ. ಭೂಪಟದಲ್ಲಿಲ್ಲದ ಬೆಟ್ಟ ಆ ಕೋಣೆಯಲ್ಲಿತ್ತು. ಕೊನೆಗೆ ಅಜ್ಜಿಯ ಹೆಸರು, ಮೇರಿಯಾನಾ. ಆಮೇಲೆ ತನ್ನ ಹೆಸರು, "ನಾನು ಪರಾತೇನೆ."

ಕೂತ. ಕಾದ. ಸಾಹೇಬರಿಗೆ ಅರ್ಥವಾಗಲಿಲ್ಲ. ನಾನೇ ಹೇಳಬೇಕಾಯಿತು, "ಈಗ ತಮ್ಮ ಸರದಿ. ತಮ್ಮ ಬೆಟ್ಟ ಯಾವುದು ಅಂತ..."

ಆತ ಎದ್ದು ನಿಂತ. ಮೇಜಿನ ಅಂಚು ಹಿಡಿದು, "ನಮ್ಮೂರಲ್ಲಿ ಬೆಟ್ಟ ಇಲ್ಲ. ಚರ್ಚಿನ ಹಿಂದೆ ಒಂದು ದಿಬ್ಬ ಇದೆ. ನಮ್ಮಮ್ಮ ಅಲ್ಲಿದ್ದಾಳೆ. ಹ್ಯಾರಿಯೆಟ್."

ಅಜ್ಜ ಹೋಗಿ, ನಮ್ಮಲ್ಲಿ ಮಾಡುವಂತೆ, ಅವನ ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿದ. ಪ್ರಿಂಗಲ್ ಛಾವಣಿ ನೋಡುತ್ತಿದ್ದ.

ಆಮೇಲೆ ಸಾಹೇಬ ಮೆಲ್ಲಗೆ, "ನಿಮ್ಮ ಬೆಟ್ಟದ ಕಾಗದ ಓದಿದ್ದೀನಿ. ನಿಮ್ಮ ಮಂತ್ರಿಗಳಿಗೆ ಹೀಗೇ ಮಾಡಿ ಅನ್ನೋ ಅಧಿಕಾರ ನನಗಿಲ್ಲ. ಯಾರಿಗೂ ಇಲ್ಲ ಇಲ್ಲಿ. ಇವರು ಊರು ಮುಟ್ಟೋವರೆಗಾದ್ರೂ ತಡೀರಿ ಅಂತ ತಂತಿ ಕೊಟ್ಟು ಕೇಳ್ತೀನಿ. ಕೇಳಬಲ್ಲೆ, ಅಷ್ಟೇ."

ಭೂಪಟದ ಅಷ್ಟೊಂದು ಕೆಂಪಿಗೆ ಒಡೆಯರು! ಬರೀ ಕೇಳಬಲ್ಲರಂತೆ. ಇನ್ನೂ ನಂಬಲಾಗುತ್ತಿಲ್ಲ.

13 ಮೇ

ತಂತಿ ಹೋಗಿದೆ. ಉತ್ತರವಿಲ್ಲ. ನಾಳೆ ಹಡಗು.

30 ಜೂನ್. ಕರಾವಳಿಯ ಸ್ಟೀಮರಿನಲ್ಲಿ, ಬೆಳಗಿನ ಜಾವ

ಊರು ಕಾಣುವ ಹೊತ್ತು. ಅಜ್ಜ ಚಳಿಯಲ್ಲೇ ಕಂಬಿ ಹಿಡಿದು ನಿಂತಿದ್ದಾನೆ. ಕಣ್ಣಿಗೆ ಅಷ್ಟು ದೂರ ಹತ್ತುವುದಿಲ್ಲ.

"ಇದ್ದಾನೇನೇ?" ಎಂದ. ಬೆಟ್ಟವನ್ನು ಹಾಗೇ ಕೇಳುವುದು ಅವನು.

"ತಲೆ ಕಾಣ್ತಿದೆ, ಅಜ್ಜ." ಸುಳ್ಳಲ್ಲ. ಮಂಜಿನ ಮೇಲೆ ಕಪ್ಪಗೆ, ಎತ್ತರಕ್ಕೆ... ನೋಡಿದರೆ ಈಗಲೂ ಕೈ ಮುಗಿಯಬೇಕು.

"ಮೇರಿಯಾನಾ ಮಲಗಿರೋ ಕಡೆ ನೋಡು."

ನೋಡಿದೆ. ಬೆಳ್ಳಗಿತ್ತು. ಮಂಜು ಎಂದುಕೊಂಡೆ. ಮಂಜು ಎದ್ದು ಹೋಯಿತು. ಬಿಳಿ ಹೋಗಲಿಲ್ಲ. ಕೆಳಗೆ ಜಲ್ಲಿಯ ರಾಶಿ, ಪಕ್ಕದಲ್ಲಿ ತಳ್ಳುಗಾಡಿಗಳ ಸಾಲು.

ಶಾಲು ತರ್ತೀನಿ ಎಂದು ಕೆಳಗೆ ಓಡಿ ಬಂದೆ. ಮೇಲೆ ಕಾಯುತ್ತಿದ್ದಾನೆ. ಕರೆಯುತ್ತಿದ್ದಾನೆ. ಅಷ್ಟು ದೊಡ್ಡವರ ಮುಂದೆ ಅವನ ಒಂದು ಮಾತೂ ಬಿಡದೆ ಹೇಳಿದವಳು ನಾನು. ಇದನ್ನು ಅವನಿಗೆ, ನಮ್ಮದೇ ಭಾಷೆಯಲ್ಲಿ —