ಅಕ್ಕಿಕಾಳು ನೆಲಕ್ಕೆ ಬೀಳುವ ಮುನ್ನ

ಬೈಲಹೊಂಗಲ
೯ ಮಾರ್ಚ್ ೨೦೨೫

ರಾಮದುರ್ಗ ಸೇರಿದ ನಮ್ಮ ಮನೆಯವರಿಗೆ,

ಮಹಾನಂದಾ ಮಾಡುವ ನಮಸ್ಕಾರ. ನಾನು ಆರಾಮ ಇದ್ದೇನೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು, ಬರೆದಂತಾಯಿತು. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ. ಫೋನ್ ಹಿಡಿದರೆ ನನ್ನ ನಾಲಿಗೆ ಎರಡನೇ ಮಾತಿಗೇ ಜಗಳಕ್ಕೆ ಇಳಿಯುತ್ತದೆ, ನೀವು ಮೂರನೇ ಮಾತಿಗೆ ಸುಮ್ಮನಾಗುತ್ತೀರಿ. ಕಾಗದದ ಮೇಲಾದರೆ ಪೂರ್ತಿ ಕೇಳಲೇಬೇಕು.

ನೀವು ನೀಲಪ್ಪಣ್ಣನ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತೀರಂತೆ. ಗದ್ದ ಎತ್ತಿರಿ, ಕಣ್ಣು ಮಿಟುಕಿಸಬೇಡಿರಿ ಎಂದು ದಿನವಿಡೀ ಹೇಳುತ್ತೀರಂತೆ. ಕೇಳಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಇಲ್ಲಿ ಮದುವೆಗಳ ಸುಗ್ಗಿ. ನೀವು ಬಿದಿರು ಗಳದ ತುದಿಗೆ ಕಟ್ಟಿ ಹಿಡಿಯುತ್ತಿದ್ದ ಫ್ಲ್ಯಾಶನ್ನು ಈಗ ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದ್ದೇನೆ. ಅದು ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಎದುರು ಮಾತಾಡುವುದಿಲ್ಲ, ಮೊದಲ ಪಂಕ್ತಿಗೇ ಊಟಕ್ಕೆ ಕೂರೋಣ ಎಂದು ಅವಸರ ಮಾಡುವುದಿಲ್ಲ. ಆದರೆ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತು ಅದಕ್ಕೆ ಗೊತ್ತಾಗುವುದಿಲ್ಲ. ಅಯ್ಯನವರು ಕಡೆಯ 'ಸಾವಧಾನ' ಹೇಳುವ ತನಕ ಹಿಂದಿನ ಸಾಲಿನ ಮುದುಕಿಯರು ಎಂದಾದರೂ ಕಾದಿದ್ದಾರೆಯೇ? ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ನೀವು ಆ ಮುದುಕಿಯರ ಮೊಣಕೈ ನೋಡುತ್ತಿದ್ದಿರಿ. ಮೊಣಕೈ ಏಳುತ್ತಲೇ ಸಣ್ಣಗೆ ಕೆಮ್ಮುತ್ತಿದ್ದಿರಿ, ನಾನು ಗುಂಡಿ ಒತ್ತುತ್ತಿದ್ದೆ. ಪಕ್ಕದಿಂದ, ತುಸು ಹಿಂದಿನಿಂದ ನಿಮ್ಮ ಬೆಳಕು ಬಿದ್ದು ಒಂದೊಂದು ಕಾಳೂ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಈಗ ನಾನು ಗುಂಡಿ ಒತ್ತುವಷ್ಟರಲ್ಲಿ ಕಾಳು ನೆಲ ಸೇರಿರುತ್ತವೆ.

ಹೋದ ವಾರ ನಿಮ್ಮದೊಂದು ಫೋಟೊ ನೋಡಬೇಕೆನಿಸಿತು. ಒಂಬತ್ತು ವರ್ಷದ ಹಾರ್ಡ್ ಡಿಸ್ಕ್ ಹುಡುಕಿದೆ. ಯಾರ್ಯಾರದೋ ಬೀಗರು, ಯಾರ್ಯಾರದೋ ಸೋದರತ್ತೆಯರು ಸಾವಿರ ಸಂಖ್ಯೆಯಲ್ಲಿ ಸಿಕ್ಕರು, ನೀವು ಸಿಗಲಿಲ್ಲ. ಬೆಳಕು ಹಿಡಿದವರು ಚಿತ್ರದ ಹೊರಗೇ ನಿಲ್ಲಬೇಕಲ್ಲ. ಕಡೆಗೆ ಸಿರಸಂಗಿಯ ಮದುವೆಯೊಂದರಲ್ಲಿ ಹಿತ್ತಾಳೆ ಕೊಡದ ಹೊಟ್ಟೆಯ ಮೇಲೆ, ಗಳ ಹಿಡಿದು ನಿಂತ ನಿಮ್ಮ ರೂಪ ಉಗುರಿನಷ್ಟು ಮೂಡಿತ್ತು. ಅದನ್ನೇ ದೊಡ್ಡದು ಮಾಡಿ ನೋಡುತ್ತ ಕುಳಿತೆ. ದೊಡ್ಡದು ಮಾಡಿದಷ್ಟೂ ಮುಖ ಕಲಸಿಹೋಗುತ್ತಿತ್ತು. ನೀವಿಲ್ಲದ ಮನೆಯಲ್ಲಿ ನನಗೆ ಇರಲಾಗುತ್ತಿಲ್ಲ, ಇದನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಇನ್ನು ನಿಜವಾಗಿ ಬರೆಯಬೇಕಾದದ್ದು. ಹೋದ ಏಪ್ರಿಲ್‌ನಲ್ಲಿ ಸಾಲಹಳ್ಳಿಯ ಸ್ನೇಹಲ್‌ಳ ಮದುವೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆದ ಅಕ್ಕಿಕಾಳಿನ ಫೋಟೊದಲ್ಲಿ ಮದುಮಗಳ ಕಡೆಯ ಅರ್ಧ ಬೆಳಗುತ್ತಿತ್ತು, ಮದುಮಗನ ಕಡೆಯ ಅರ್ಧ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಕ್ಯಾಮೆರಾದ ಪರದೆಯಲ್ಲಿ ಅದನ್ನು ಕಂಡ ಬೀಗರು ಅಪಶಕುನ ಎಂದು ಗದ್ದಲ ಎಬ್ಬಿಸಿದರು. ನೀವೂ ಗಳ ಹಿಡಿದುಕೊಂಡೇ ಬಂದು ಪರದೆಗೆ ಬಗ್ಗಿ ನೋಡಿದಿರಿ. ನಾನು ಮುನ್ನೂರು ಜನರ ನಡುವೆ ನಿಮ್ಮತ್ತ ತಿರುಗಿ, "ಲೈಟ್ ಹಿಡ್ಯಾಕೂ ಬರಂಗಿಲ್ಲೇನೋ ನಿನಗ?" ಎಂದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಿಮ್ಮ ಜೊತೆ 'ರಿ' ಹಚ್ಚದೆ ಮಾತಾಡಿದವಳಲ್ಲ. ಹಿಂದೆ ಯಾರೋ ಕಿಸಕ್ಕೆಂದರು. "ಹೇಂತಿ ಹಿಂದ ದೀಪಾ ಹಿಡಿಯಾಂವ" ಎಂದು ಮೊದಲೇ ಆಡಿಕೊಳ್ಳುವ ಮಂದಿ. ನೀವು ಗಳವನ್ನು ಕಂಬಕ್ಕೆ ಒರಗಿಸಿ ಹೋದಿರಿ, ಮನೆಗೆ ಬರಲೇ ಇಲ್ಲ.

ತಪ್ಪು ನಿಮ್ಮದಲ್ಲ. ಬೆಳಿಗ್ಗೆ ಬಿಸಿಲಿನಲ್ಲಿ ಮದುಮಗನ ಮೆರವಣಿಗೆ ತೆಗೆಯುವಾಗ ಶಟರ್ ವೇಗವನ್ನು ಐನೂರಕ್ಕೆ ಏರಿಸಿದ್ದೆ, ಪೆಂಡಾಲಿನೊಳಗೆ ಬಂದ ಮೇಲೆ ಇಳಿಸಲು ಮರೆತೆ. ಆ ವೇಗದಲ್ಲಿ ಫ್ಲ್ಯಾಶಿನ ಬೆಳಕು ಅರ್ಧ ಚಿತ್ರಕ್ಕಷ್ಟೇ ಸಿಗುತ್ತದೆ. "ಇನ್ನೂರರ ಮ್ಯಾಲ ಹೋಗಬ್ಯಾಡ" ಎಂದು ಮೊದಲ ದಿನವೇ ಕಲಿಸಿದವರು ನೀವು. ಕ್ಯಾಮೆರಾ ಕೂಡ ನಿಮ್ಮದೇ. ನನ್ನ ಕಣ್ಣು ಹೆಚ್ಚು ಚುರುಕು ಎಂದು ಒಪ್ಪಿ ಅದನ್ನು ನನ್ನ ಕೈಗೆ ಕೊಟ್ಟು ನೀವು ಗಳ ಹಿಡಿದಿರಿ. ಆ ಸಂಜೆಯೇ ಕಂಪ್ಯೂಟರಿನಲ್ಲಿ ಐನೂರರ ಅಂಕಿ ಕಂಡೆ. ಕಂಡೂ ಹನ್ನೊಂದು ತಿಂಗಳು ಬಾಯಿ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ನನ್ನದೇ ಕಥೆ. ಹೇಳಲು ನಾಚಿಕೆಯಿತ್ತು, ನಾಚಿಕೆಗಿಂತ ಸೊಕ್ಕು ದೊಡ್ಡದಿತ್ತು.

ಈಗ ಹೇಳಿದ್ದೇನೆ. ಬೈಯಬೇಕೆನಿಸಿದರೆ ಬೈಯಿರಿ, ಆದರೆ ಇಲ್ಲಿಗೆ ಬಂದು ಬೈಯಿರಿ. ಬೈಲಹೊಂಗಲದ ಬಸ್ಸು ನಿಮ್ಮ ಅಂಗಡಿಯ ಮುಂದೆಯೇ ಹಾದು ಬರುತ್ತದೆ.

ನಿಮ್ಮ ದಾರಿ ನೋಡುತ್ತಿರುವ,
ಮಹಾನಂದಾ

ತಾ.ಕ.: ಲಕೋಟೆ ಅಂಟಿಸಿ ಮೂರು ದಿನ ಇಟ್ಟುಕೊಂಡಿದ್ದೆ, ಈಗ ಒಡೆದು ಮತ್ತೆ ಬರೆಯುತ್ತಿದ್ದೇನೆ. ಮಂದಿಯ ಮುಂದೆ ಬೈದವಳು ಮರೆಯಲ್ಲಿ ತಪ್ಪೊಪ್ಪಿಕೊಂಡರೆ ಸಾಲದು ಎನಿಸಿ ನಿನ್ನೆ ಸಾಲಹಳ್ಳಿಗೆ ಹೋಗಿದ್ದೆ. ಸ್ನೇಹಲ್‌ಳ ಅಜ್ಜಿ ರಾಚವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಮನೆಯವರನ್ನೆಲ್ಲ ಕರೆಸಿ, ಫೋಟೊ ಕೆಡಿಸಿದ್ದು ನಾನು ಎಂದೆ. ಮುದುಕಿ ನನ್ನನ್ನೇ ದಿಟ್ಟಿಸಿ ನೋಡಿ, "ನಿನ್ನ ಗಂಡ ಉಳವಪ್ಪ ಅವತ್ತ ಹೋಗೂ ಮುಂದ ನನ್ನ ಕಾಲಿಗೆ ಬಿದ್ದ ಹೋಗ್ಯಾನ. ಲೈಟ್ ನಾನ ತಪ್ಪ ಹಿಡದೇನಿ, ಆಕಿಗೆ ಏನೂ ಅನಬ್ಯಾಡ್ರಿ ಅಂದ. ಈಗ ನೀ ಬಂದು ನಂದ ತಪ್ಪ ಅಂತಿ. ಖರೆ ಯಾರದವಾ?" ಎಂದರು.

ಅರ್ಧ ಕಪ್ಪಾದ ಚಿತ್ರ ಕಂಡ ಕೂಡಲೇ ಕಾರಣ ತಿಳಿಯದಷ್ಟು ಹೊಸಬರಲ್ಲ ನೀವು. ನನ್ನ ತಪ್ಪು ನನಗಿಂತ ಮೊದಲೇ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಕೇಳಿಸಿಕೊಂಡು, ಗೊತ್ತಿದ್ದೂ ಕಾಲಿಗೆ ಬಿದ್ದು ಹೋದಿರಿ.

ನೀವು ಬರಬೇಡಿ. ಬರುವ ಸೋಮವಾರ ನಾನೇ ರಾಮದುರ್ಗಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಮಂದಿ ತುಂಬಿರುವ ಹೊತ್ತಿಗೇ ಬರುತ್ತೇನೆ.