ದವಾಖಾನೆಗೆ ಬಿದ್ದ ಕೀಲಿ

ಭಾಲ್ಕಿ
೧೨ ಡಿಸೆಂಬರ್ ೨೦೨೩

ಮೊಮ್ಮಗಳು ಅನುಸೂಯಾಗೆ,

ನಿನ್ನ ಆಯಿಯ ಆಶೀರ್ವಾದ. ಹದಿನೈದು ದಿನ ಕಾಗದ ಬರೆಯಲಿಲ್ಲ, ಸಿಟ್ಟಾಗಬೇಡ. ನಾಲ್ಕನೇ ಇಯತ್ತೆ ಕಲಿತವಳ ಕೈ, ಒಂದು ಸಾಲಿಗೆ ಮೂರು ಸಲ ನಿಲ್ಲುತ್ತದೆ. ಔರಾದಿನಲ್ಲಿ ಸೋದರಮಾವನ ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೀಯಂತೆ. ಯಾರ ಮನೆ ಲೂಟಿ ಮಾಡಿದ್ದೀ ಅಂತ?

ನಿನ್ನೆ ನಿನ್ನ ದವಾಖಾನೆಗೆ ಹೋಗಿದ್ದೆ. ನೀನು ಚೀಟಿ ಬರೆಯುತ್ತಿದ್ದ ಕಂಪ್ಯೂಟರ್ ಇನ್ನೂ ಕಪ್ಪು ಮುಖ ಮಾಡಿಕೊಂಡೇ ಇದೆ. ಎಲ್ಲಿಂದಲೋ ನುಗ್ಗಿದ ಕಳ್ಳರು ರೋಗಿಗಳ ದಾಖಲೆಗೆಲ್ಲ ಕೀಲಿ ಹಾಕಿ, ರೊಕ್ಕ ಕಳಿಸಿದರೆ ಚಾವಿ ಕೊಡುತ್ತೇವೆ ಎಂದು ಬರೆದಿಟ್ಟು ಹೋದರಲ್ಲ, ಆ ಕೀಲಿ ಇವತ್ತಿಗೂ ತೆರೆದಿಲ್ಲ. ಬೀದರಿನ ದೊಡ್ಡ ಶಾಖೆಯಲ್ಲೂ ಅದೇ ಗತಿಯಂತೆ.

ನಮ್ಮ ಓಣಿಯ ವಿಮಲಾಬಾಯಿ ಎದೆಯ ಫೋಟೋ ತೆಗೆಸಿದ್ದಳು. ಮಳೆ ಕೈಕೊಟ್ಟಿದೆ, ಮನೆಮಂದಿಯೆಲ್ಲ ಹೈದರಾಬಾದಿಗೆ ದುಡಿಯಲು ಹೊರಟು ನಿಂತಿದ್ದರು. ರಿಪೋರ್ಟಿಗಾಗಿ ಮೂರು ದಿನ ಕಾದಳು. "ಕೆಮ್ಮು ನನ್ನ ಕೂಡ ಬರ್ತದ ಆಯಿ, ಕಾಗದಾ ಬರಂಗಿಲ್ಲ" ಎಂದು ನಗುತ್ತ ಬಸ್ಸು ಹತ್ತಿದಳು.

ನಾನು ಸೀದಾ ಮ್ಯಾನೇಜರ್ ವೈಜಿನಾಥನ ಮೇಜಿನ ಮುಂದೆ ಹೋಗಿ ನಿಂತೆ.

"ಆಯಿ, ಪಾಸ್‌ವರ್ಡ್ ನಿಮ್ಮ ಹುಡುಗಿ ಕಡಿಂದೇ ಹೊರಗ ಹೋಗ್ಯದ್ರಿ. ತಪ್ಪಾಗ್ಯದಂತ ಆಕಿ ಒಂದು ಸಹಿ ಮಾಡ್ಲಿ, ಮುಗೀತು. ಇಂಥಾದ್ದು ಈಗ ಎಲ್ಲಾ ಕಡಿ ನಡದದ. ದವಾಖಾನಿ, ಬ್ಯಾಂಕು, ಸಾಲಿ, ಯಾವ್ದೂ ಬಿಟ್ಟಿಲ್ಲ."

"ನಡದದ ಅಂತ ಗೊತ್ತಿತ್ತಲ್ಲ, ಮತ್ತ ದಾಖಲಿ ನಕಲು ಎಲ್ಲಿಟ್ಟಿದ್ದಿ?"

"ಅದೇ ಕಂಪ್ಯೂಟರದಾಗೇ ಇತ್ರಿ."

"ಜ್ವಾಳದ ಬೀಜಾ ನಾ ಎರಡು ಮನ್ಯಾಗ ಇಡ್ತೇನಿ. ನೀ ಇಷ್ಟು ಮಂದಿ ಜೀವಾ ಒಂದೇ ಡಬ್ಬ್ಯಾಗ ಇಟ್ಟು ನನ್ನ ಮೊಮ್ಮಗಳ ಸಹಿ ಕೇಳ್ತಿ? ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಿ, ನಾಚಿಕಿ ಶರಮು ಎಲ್ಲಿ ಬಿಚ್ಚಿಟ್ಟಿ?"

ಬಾಗಿಲು ಕಾಯುವ ಅಬ್ದುಲ ಗಫೂರ ಓಡಿ ಬಂದ. "ಸಾಕು ಮಾಡ್ರಿ ಆಯಿ, ಸಲೈನ್ ಹಚ್ಚಿದವ್ರೂ ಎದ್ದು ಕುಂತಾರ!"

ಅನುಸೂಯಾ, ಸಹಿ ಮಾಡಬೇಡ. ಮಾಡಿದೆಯೋ, ಈ ಜಿಲ್ಲೆಯಲ್ಲಿ ಯಾರೂ ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ನೀನೂ ಹೈದರಾಬಾದಿನ ಬಸ್ಸೇ ಹತ್ತಬೇಕು. ಬಸವಣ್ಣ ಕಾಯಲಿ. ನೂರು ವರ್ಷ ತಲೆ ಎತ್ತಿ ಬಾಳು.

ನಿನ್ನ ಆಯಿ

ತಾ.ಕ.: ಅವನನ್ನು ಅಷ್ಟು ಬೈದು ಬಂದೆ, ಒಂದು ಮಾತು ಮಾತ್ರ ನುಂಗಿದೆ. ನೀನು ಫೋನು ಮನೆಯಲ್ಲಿ ಮರೆತು ಹೋದ ದಿನ ಅದು ಬಾರಿಸಿತು, ನಾನೇ ಎತ್ತಿದೆ. ಒಬ್ಬ ಮಾತಾಡಿದ. "ಬೀದರ ಆಫೀಸಿಂದ್ರಿ ಮಾಂಜಿ. ಪಾಸ್‌ವರ್ಡ್ ಸಿಗಲಿಲ್ಲಂದ್ರ ನಿಮ್ಮ ಅನುಸೂಯಾನ ನೌಕರಿ ಈಗೇ ಹೋಗ್ತದ" ಎಂದ. ಪಾಸ್‌ವರ್ಡಿಗೆ ಮುತ್ಯಾನ ಹೆಸರಿಟ್ಟಿದ್ದೇನೆ, ಗಂಡನ ಹೆಸರು ಆಯಿಯ ಬಾಯಿಂದಂತೂ ಎಂದೂ ಹೊರಬೀಳುವುದಿಲ್ಲ ಎಂದು ನೀನೇ ನಕ್ಕಿದ್ದೆ. ನಿನ್ನ ನೌಕರಿ ಉಳಿಯಲಿ ಎಂದು ಹೇಳಿಬಿಟ್ಟೆ.

ಎಪ್ಪತ್ತೆರಡರ ಬರದಲ್ಲಿ ನಿನ್ನ ಮುತ್ಯಾ ದುಡಿಯಲು ಹೊರಟವರು ರೊಟ್ಟಿಗಂಟು ಮರೆತಿದ್ದರು. ಅದನ್ನು ಹಿಡಿದು ಭಾಲ್ಕಿ ಸ್ಟೇಷನ್ನಿಗೆ ಓಡಿದೆ. ರೈಲು ಹೊರಟಿತ್ತು. ಗಂಡನ ಹೆಸರು ಹಿಡಿದು ಹೇಗೆ ಕೂಗಲಿ? "ಏನ್ರೀ, ಏನ್ರೀ" ಎಂದೆ. ಡಬ್ಬಿಯ ಗಂಡಸರೆಲ್ಲ ತಿರುಗಿ ನೋಡಿದರು, ಅವರೊಬ್ಬರು ನೋಡಲಿಲ್ಲ. ಹೋದವರು ಮತ್ತೆ ಬರಲಿಲ್ಲ. ಅವರಿಗೆ ಕೇಳಿಸದ ಹೆಸರನ್ನು ಒಬ್ಬ ಕಳ್ಳನ ಕಿವಿಗೆ ಹಾಕಿದೆ.

ದವಾಖಾನೆಯವರು ಸಹಿಗೆ ಕಳಿಸಿದ ಕಾಗದ ಹರಿದು ಬಿಸಾಕು. ವೈಜಿನಾಥನಿಗೆ ನನ್ನ ಈ ಕಾಗದ ಕೊಡು. ಹೇಳಿದವಳು ನಾನು.

ಸಹಿ,
ಸುಭದ್ರಾಬಾಯಿ ಗಂಡ ಮಡೆಪ್ಪ